ತೊಂಬತ್ತೆರಡರಲ್ಲೇ ನಿಂತ ಚಾರ್ಜು

ಈ ಸಂಗತಿಯನ್ನು ಹೇಳದೆ ಮೂರು ವರ್ಷ ದೂಡಿದ್ದೇನೆ. ಮೊದಲ ವರ್ಷ ಕೆಲಸ ಹೋಗುತ್ತದೆ ಎಂಬ ಭಯವಿತ್ತು. ಎರಡನೆಯ ವರ್ಷ ಕೆಲಸವನ್ನು ನಾನೇ ಬಿಟ್ಟೆ, ಆದರೂ ಹೇಳಲಿಲ್ಲ. ಆಗ ವಯಸ್ಸಿನ, ಮರ್ಯಾದೆಯ ನೆಪ. ಮೂರನೆಯ ವರ್ಷಕ್ಕೆ ನೆಪಗಳೂ ಮುಗಿದವು. ಬರೆಯಲು ಕೂತಾಗಲೆಲ್ಲ ಮೊದಲು ಸಾವ್ಕಾರರ ಜಿಪುಣತನ, ಕಾರು ಕಂಪನಿಯ ದುರಾಸೆ, ನನ್ನ ಸಕ್ಕರೆ ಕಾಯಿಲೆ ಎಲ್ಲವನ್ನೂ ಬರೆದು, ನಾನು ಮಾಡಿದ್ದನ್ನು ಕೊನೆಯ ಎರಡು ಸಾಲಿಗೆ ತಳ್ಳುತ್ತಿದ್ದೆ. ಆ ಹಾಳೆಗಳನ್ನು ಹರಿದು ಹಾಕಿದ್ದೇನೆ. ಈ ಸಲ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಹೊಸಪೇಟೆಯ ಹಂಪಿ ರಸ್ತೆಯಲ್ಲಿ ನಮ್ಮ ಟ್ರಾವೆಲ್ಸ್ ಆಫೀಸು. ಆರು ಎಲೆಕ್ಟ್ರಿಕ್ ಕಾರುಗಳು. ಸಾವ್ಕಾರರ ಮೂಲ ವ್ಯವಹಾರ ಕಂಪ್ಲಿಯ ಅಕ್ಕಿ ಗಿರಣಿ. ಹಂಪಿಗೆ ಬರುವ ಪ್ರವಾಸಿಗರನ್ನು ನಂಬಿ ಈ ಕಾರುಗಳನ್ನು ತಂದಿದ್ದರು. ನಾನು ಸೂಪರ್‌ವೈಸರ್. ಬೆಳಿಗ್ಗೆ ಯಾವ ಕಾರಿನಲ್ಲಿ ಎಷ್ಟು ಚಾರ್ಜಿದೆ ನೋಡುವುದು, ಡ್ಯೂಟಿ ಹಂಚುವುದು, ಸಂಜೆ ಒಂದೊಂದು ಕಾರಿನ ಮೀಟರು ನೋಡಿ ಓಡಿದ ಕಿಲೋಮೀಟರನ್ನು ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ. ಡ್ರೈವರ್‌ಗಳನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿರಲಿಲ್ಲ. ಕಾರಿನ ನಂಬರೇ ಮನುಷ್ಯನ ಹೆಸರು. 'ಲೇ ಒಂದು, ಸ್ಟೇಷನ್ನಿಗೆ ಹೋಗು', 'ನಾಕು ಉಂಡನೇನಲೇ?' ಎಂದು ಕೂಗುವುದು. ಆ ರೂಢಿ ತಂದವನು ನಾನು.

ಮೂರನೆಯ ಕಾರನ್ನು ಓಡಿಸುತ್ತಿದ್ದವಳು ಹೆಂಗಸು. ಆರು ಜನರಲ್ಲಿ ಅವಳೊಬ್ಬಳೇ. ಪಾಪಿನಾಯಕನಹಳ್ಳಿಯ ಮಗಳು, ಚಿತ್ತವಾಡ್ಗಿಯ ಸೊಸೆ. ಗಂಡ ಗಣಿ ಕೆಲಸದಲ್ಲಿ ಸೊಂಟಕ್ಕೆ ಪೆಟ್ಟಾಗಿ ಮನೆ ಹಿಡಿದಿದ್ದ. ಅವಳು ಡ್ರೈವರ್ ಆಗಲು ಮನೆಯವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಅವಳ ಮೇಲೆ ಒಂದು ಮಾತು ಬರಬಾರದು, ಬಂದ ದಿನ ಸ್ಟೇರಿಂಗ್ ಬಿಡಬೇಕು. ಇದನ್ನು ಕೆಲಸಕ್ಕೆ ಸೇರಿದ ದಿನ ಅವಳೇ ನನಗೆ ಹೇಳಿದ್ದಳು.

"ಅಣ್ಣಾರ, ರಾತ್ರಿ ಡ್ಯೂಟಿ ಒಂದು ಬ್ಯಾಡ್ರಿ, ಉಳಿದದ್ದು ಏನರೆ ಹಾಕ್ರಿ. ಕಾರು ಎಲ್ಲೈತಿ ಅಂತ ಮೊಬೈಲಿನ್ಯಾಗ ಕಾಣ್ತೈತಲ್ರಿ, ಅದೇ ನನಗ ಧೈರ್ಯ. ನಾಳಿಗೆ ಯಾರರೆ ಏನರೆ ಅಂದ್ರ ತೋರಸ್ಲಿಕ್ಕೆ ಆಗ್ತೈತಿ."

ಕಾರು ಎಲ್ಲಿದೆ ಎಂದು ಮೊಬೈಲಿಗೆ ಹೇಳುವುದು ಡ್ಯಾಶ್‌ಬೋರ್ಡಿನ ಒಳಗಿರುವ ಒಂದು ಕಪ್ಪು ಡಬ್ಬಿ, ಮಾಡೆಮ್. ನಮ್ಮ ಮೊಬೈಲಿನ ಹಾಗೆ ಅದರಲ್ಲೂ ಒಂದು ಸಿಮ್ ಇರುತ್ತದೆ. ಕಾರು ನಿಂತ ಜಾಗ, ಹೋದ ದಾರಿ, ವೇಗ, ಉಳಿದ ಚಾರ್ಜು ಎಲ್ಲವನ್ನೂ ಅದು ಕಂಪನಿಗೆ ಕಳಿಸುತ್ತದೆ, ಸಾವ್ಕಾರರ ಮತ್ತು ನನ್ನ ಮೊಬೈಲಿನ ಆಪ್‌ನಲ್ಲಿ ಅದೆಲ್ಲ ಕಾಣುತ್ತದೆ. ಕಾರು ಕೊಂಡಾಗ ಕೆಲವು ವರ್ಷ ಇದು ಬಿಟ್ಟಿ. ಆ ಬಿಟ್ಟಿ ಕಾಲ ಮುಗಿದ ತಿಂಗಳು ಕಂಪನಿಯಿಂದ ಎರಡು ಸುದ್ದಿ ಒಟ್ಟಿಗೆ ಬಂದವು. ಇನ್ನು ಮೇಲೆ ಒಂದೊಂದು ಕಾರಿಗೂ ವರ್ಷ ವರ್ಷ ಸಂಪರ್ಕದ ಹಣ ಕಟ್ಟಬೇಕು. ಅಲ್ಲದೆ ನಮ್ಮ ಕಾರುಗಳ ಮಾಡೆಮ್ ಹಳೆಯದು, ಅದು ಹಿಡಿಯುವ ಸಿಗ್ನಲ್ಲು ಕಡಿಮೆಯಾಗುತ್ತಿದೆ. ಹೊಸ ಮಾಡೆಮ್ ಹಾಕಿಸಿಕೊಂಡರೆ ಮಾತ್ರ ಸಂಪರ್ಕ. ಹೊಸದರ ಬೆಲೆ ಒಂದು ಜೋಡಿ ಟೈರಿಗಿಂತ ಜಾಸ್ತಿ. ಹಾಕಿಸಲು ಬಳ್ಳಾರಿಯ ಸರ್ವಿಸ್ ಸೆಂಟರಿಗೇ ಹೋಗಬೇಕು, ಒಂದು ಕಾರಿಗೆ ಅರ್ಧ ದಿನ.

ಸಾವ್ಕಾರರು ಆ ಕಾಗದವನ್ನು ಎರಡು ಸಲ ಓದಿಸಿಕೊಂಡರು.

"ಎತ್ತು ಕೊಂಡ ಮ್ಯಾಲೆ ಅದರ ಕೊಳ್ಳಾಗಿನ ಗಂಟಿಗೆ ವರ್ಷ ವರ್ಷ ಬಾಡಿಗಿ ಕೊಡ್ತಾರೇನು ಕಾಕಾ? ಕಾರು ನಂದು, ಅದು ಎಲ್ಲೈತಿ ಅಂತ ನನಗ ಹೇಳ್ಲಿಕ್ಕೆ ನಾನೇ ರೊಕ್ಕ ಕೊಡ್ಬೇಕಾ?"

"ಹೋಟೆಲಿನವರು ಕೇಳ್ತಾರಲ್ರಿ ಸಾವ್ಕಾರ್ರ," ಎಂದೆ.

ಹಂಪಿಯ ಕಡೆಯ ಒಂದು ದೊಡ್ಡ ಹೋಟೆಲು ನಮಗೆ ತಿಂಗಳಿಡೀ ಡ್ಯೂಟಿ ಕೊಡುತ್ತಿತ್ತು. ಅವರದೊಂದೇ ಪಟ್ಟು: ಅತಿಥಿಗಳ ಕಾರು ಎಲ್ಲಿದೆ ಎಂದು ತಮ್ಮ ಕೌಂಟರಿನಲ್ಲಿ ಕಾಣಬೇಕು. ಪ್ರತಿ ಡ್ಯೂಟಿಗೂ ನಾನು ಬೆಳಿಗ್ಗೆ ಆ ಕಾರಿನ ಲಿಂಕ್ ಕಳಿಸುತ್ತಿದ್ದೆ. ಅದನ್ನು ತೆರೆದರೆ ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ ಸಂಜೆಯವರೆಗೆ ಓಡಾಡುತ್ತಿತ್ತು. ಹಳೆಯ ಮಾಡೆಮ್‌ಗಳ ಚುಕ್ಕೆ ಹಂಪಿಯ ಬಂಡೆಗಳ ನಡುವೆ ಹೋದೊಡನೆ ಮಾಯವಾಗುತ್ತಿತ್ತು, ಹೋಟೆಲಿನಿಂದ ಫೋನು ಬರುತ್ತಿತ್ತು.

ಕೊನೆಗೆ ಸಾವ್ಕಾರರು ಮೂರು ಕಾರಿಗೆ ಮಾತ್ರ ಒಪ್ಪಿದರು. ಒಂದು, ಮೂರು, ನಾಲ್ಕು. "ಉಳಿದದ್ದು ನೀವು ಹೆಂಗರೆ ನಿಭಾಯಿಸ್ರಿ. ಆಗ್ತೈತೋ ಇಲ್ಲೋ?"

"ಆಗ್ತೈತ್ರಿ," ಎಂದೆ. ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಲೆಕ್ಟ್ರಿಕ್ ಕಾರಿಗೆ ಡೀಸೆಲ್ ಕಾರಿನ ಲೆಕ್ಕ ನಡೆಯುವುದಿಲ್ಲ. ಬೆಳಿಗ್ಗೆ ಓಡಿ ಬಂದ ಕಾರು ಮಧ್ಯಾಹ್ನ ಗಂಟೆಗಟ್ಟಲೆ ಚಾರ್ಜಿಗೆ ನಿಲ್ಲಬೇಕು. ಹೊಸ ಮಾಡೆಮ್ ಇರುವ ಕಾರು ಚಾರ್ಜಿಗೆ ನಿಂತ ಹೊತ್ತಿಗೇ ಹೋಟೆಲಿನ ಡ್ಯೂಟಿ ಬರುತ್ತಿತ್ತು. ತುಂಬಿದ ಚಾರ್ಜಿರುವ ಕಾರಿನಲ್ಲಿ ಮಾಡೆಮ್ ಇರುತ್ತಿರಲಿಲ್ಲ. ಹಾಗಾದರೆ ಮಾಡೆಮನ್ನೇ ಕಿತ್ತು ಆ ಕಾರಿಗೆ ಹಾಕಿದರೆ? ಈ ಬುದ್ಧಿ ಹೊಳೆದ ದಿನ ನಾನು ನನ್ನ ಬೆನ್ನನ್ನೇ ತಟ್ಟಿಕೊಂಡೆ.

ಕೈ ಹಾಕಿ ನೋಡಿದರೆ ಹಾಗೆ ಬರುವಂಥದ್ದಲ್ಲ. ಒಂದು ಕಾರಿನ ಮಾಡೆಮ್ ಇನ್ನೊಂದು ಕಾರಿಗೆ ಹಾಕಿದರೆ ಆ ಕಾರು ಒಪ್ಪುವುದಿಲ್ಲ, ಪರದೆಯ ಮೇಲೆ ಕೆಂಪು ದೀಪ ಉರಿಯುತ್ತದೆ. ಆಗ ನೆನಪಾದವನು ಸಂಡೂರಿನ ಒಬ್ಬ ಮೆಕ್ಯಾನಿಕ್. ಅದಿರು ಸಾಗಿಸುವ ಟಿಪ್ಪರ್‌ಗಳಿಗೆ ಜಿಪಿಎಸ್ ಡಬ್ಬಿ ಕೂರಿಸುವುದು, ರಿಪೇರಿ ಮಾಡುವುದು ಅವನ ಕಸುಬು. ಒಂದು ಲಾಡ್ಜಿನ ಕಾಂಪೌಂಡಿನ ಹಿಂದಿನ ಮೂಲೆಯಲ್ಲಿ ಅವನ ತಗಡಿನ ಶೆಡ್ಡು. ನನ್ನ ಮಾತು ಕೇಳಿ ನಕ್ಕ.

"ಟಿಪ್ಪರಿನ ಡಬ್ಬಿ ಹಿಂಗ ಮಾಡಿದ್ರ ಜೈಲಿಗೆ ಹೋಗ್ತೀರಿ ಅಜ್ಜಾರ. ಅದಿರು ಒಂದು ದಾರಿ, ಡಬ್ಬಿ ಒಂದು ದಾರಿ ಆಗ್ತೈತಿ. ನಿಮ್ದು ಟೂರಿಸ್ಟ್ ಕಾರು, ನಡೀತೈತಿ ಬಿಡ್ರಿ."

ಅವನು ಕಂಡುಕೊಂಡ ಉಪಾಯ ಇದು. ಇನ್ನೊಂದು ಕಾರಿನಲ್ಲಿ ಡಬ್ಬಿಗೆ ಕರೆಂಟು ಮತ್ತು ಆಂಟೆನಾದ ವಯರುಗಳನ್ನು ಮಾತ್ರ ಕೊಡುವುದು. ಕಾರಿನ ಜೊತೆ ಮಾತಾಡುವ ವಯರನ್ನು ಬಿಟ್ಟುಬಿಡುವುದು. ಆಗ ಕಾರಿಗೆ ಡಬ್ಬಿ ಇರುವುದೇ ಗೊತ್ತಾಗುವುದಿಲ್ಲ, ಕೆಂಪು ದೀಪ ಉರಿಯುವುದಿಲ್ಲ. ಚುಕ್ಕೆ ಮಾತ್ರ ನಕ್ಷೆಯ ಮೇಲೆ ಓಡುತ್ತದೆ.

"ಒಂದು ನೆನಪಿಡ್ರಿ," ಎಂದ. "ಡಬ್ಬಿಗೆ ತಾನು ಯಾವ ಕಾರಿನ್ಯಾಗ ಕುಂತೀನಿ ಅಂತ ಗೊತ್ತಾಗಂಗಿಲ್ಲ. ಹಳೇ ಕಾರಿನ ಹೆಸರಿನ್ಯಾಗೇ ಬರಕೋತ ಹೋಗ್ತೈತಿ. ಚಾರ್ಜೂ ಕಿತ್ತಾಗ ಎಷ್ಟಿತ್ತೋ ಅಷ್ಟೇ ತೋರಸ್ತೈತಿ, ಇಳಿಯಂಗಿಲ್ಲ."

ಸಾವ್ಕಾರರು ಆಪ್ ತೆರೆದು ನೋಡುವವರಲ್ಲ. ಹೋಟೆಲಿನವರಿಗೆ ಕಾಣುವುದು ಬರೀ ಚುಕ್ಕೆ, ಕಾರಿನ ನಂಬರಲ್ಲ. ನಡೆಯುತ್ತದೆ ಎಂದುಕೊಂಡೆ. ನಡೆಯಿತು ಕೂಡ. ಎರಡನೆಯ ಕಾರಿಗೆ ಈ ವಯರು ಹಾಕಿಸಿ ಒಂದೂವರೆ ತಿಂಗಳು ನಡೆಸಿದೆ. ಬೆಳಿಗ್ಗೆ ಡ್ರೈವರ್‌ಗಳು ಬರುವ ಮೊದಲೇ ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬಿ ಬದಲಿಸುತ್ತಿದ್ದೆ. ಯಾರಿಗೂ ಹೇಳಲಿಲ್ಲ. 'ಮೂರರಾಗೇ ಆರು ನಡೆಸ್ತಾರ ನಮ್ ಕಾಕಾ' ಎಂದು ಸಾವ್ಕಾರರು ಗಿರಣಿಯಲ್ಲಿ ಹೇಳಿಕೊಂಡರಂತೆ. ಆ ಮಾತು ನನಗೆ ಊಟಕ್ಕಿಂತ ರುಚಿಯಾಗಿತ್ತು.

ಐದನೆಯ ಕಾರಿಗೂ ವಯರು ಹಾಕಿಸಬೇಕಿತ್ತು. ಆ ದಿನ ಹೋಟೆಲಿನ ಡ್ಯೂಟಿ ಮೂರನೆಯ ಕಾರಿಗೆ, ಅದೂ ಸಂಜೆ ನಾಲ್ಕಕ್ಕೆ: ವಿಠ್ಠಲ ದೇವಸ್ಥಾನದ ಪಾರ್ಕಿಂಗಿನಿಂದ ಅತಿಥಿಗಳನ್ನು ಹತ್ತಿಸಿಕೊಂಡು ರೈಲು ನಿಲ್ದಾಣಕ್ಕೆ ಬಿಡಬೇಕು. ಅಷ್ಟರೊಳಗೆ ಸಂಡೂರಿಗೆ ಹೋಗಿ ಬರಬಹುದು ಎಂದು ಲೆಕ್ಕ ಹಾಕಿದೆ. ಹೊಸ ವಯರನ್ನು ಪರೀಕ್ಷಿಸಲು ಒಂದು ಡಬ್ಬಿ ಬೇಕಲ್ಲ, ಬೆಳಿಗ್ಗೆಯೇ ಮೂರನೆಯ ಕಾರಿನ ಡಬ್ಬಿಯನ್ನು ಕಿತ್ತು ಐದನೆಯದರಲ್ಲಿ ಇಟ್ಟುಕೊಂಡೆ. ಆಗ ಆ ಕಾರಿನ ಚಾರ್ಜು ತೊಂಬತ್ತೆರಡು. ಅವಳು ಬಂದಾಗ ಹೇಳಿದೆ:

"ಏ ಮೂರು, ಈಗಲೇ ಕಮಲಾಪುರಕ್ಕ ಹೋಗಿ ಪಾರ್ಕಿಂಗ್‌ನ್ಯಾಗ ಕುಂದ್ರು. ಹೋಟೆಲಿನವರು ಯಾವಾಗರೆ ಕರೀಬಹುದು. ಎಲ್ಲಿಗೂ ಅಳ್ಳಾಡಬ್ಯಾಡ."

ಅವಳು ಹೋದಳು. ಕರೆಂಟು ಆಫೀಸಿಗೆ ಹೋಗುತ್ತೇನೆ ಎಂದು ಸಾವ್ಕಾರರಿಗೆ ಸುಳ್ಳು ಹೇಳಿ, ಐದನೆಯವನಿಗೆ ರಜೆ ಕೊಟ್ಟು ನಾನೇ ಆ ಕಾರು ಹತ್ತಿದೆ. ಒಂದು ತಪ್ಪು ಆಗಲೇ ಆಗಿಹೋಗಿತ್ತು, ನನಗೆ ಹೊಳೆದಿರಲಿಲ್ಲ. ದಿನದ ಡ್ಯೂಟಿ ಪಟ್ಟಿಯ ಜೊತೆಗೆ, ರೂಢಿಯಂತೆ, ಮೂರನೆಯ ಕಾರಿನ ಲಿಂಕನ್ನು ಹೋಟೆಲಿಗೆ ಕಳಿಸಿಯಾಗಿತ್ತು. ಕಿತ್ತರೂ ಡಬ್ಬಿ ತನ್ನೊಳಗಿನ ಸಣ್ಣ ಬ್ಯಾಟರಿಯಿಂದ ನಡೆಯುತ್ತಲೇ ಇತ್ತು. ಆ ಚುಕ್ಕೆ ಈಗ ನನ್ನ ಕಾಲ ಬಳಿ ಕೂತು ಸಂಡೂರಿಗೆ ಹೊರಟಿತ್ತು.

ದಾರಿಯಲ್ಲಿ ಒಂದು ಬಂಡಿಯ ಮುಂದೆ ನಿಲ್ಲಿಸಿ ಬಿಸಿ ಮಿರ್ಚಿ ತಿಂದೆ. ಸಂಡೂರಿನಲ್ಲಿ ಮೆಕ್ಯಾನಿಕ್ ಟಿಪ್ಪರ್ ಕೆಲಸದಲ್ಲಿದ್ದ, ಕಾಯಿಸಿದ. ಎರಡು ತಾಸಿನ ಮೇಲೆ ಹಿಡಿಯಿತು. ಅಲ್ಲಿಂದ ನೇರವಾಗಿ ಕಮಲಾಪುರಕ್ಕೆ ಬರುವ ಹೊತ್ತಿಗೆ ಮೂರು ಗಂಟೆ. ಅವಳು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಎಳನೀರು ಮಾರುವ ಮುದುಕಿಯ ಜೊತೆ ಮಾತಾಡುತ್ತಾ ಕೂತಿದ್ದಳು.

"ಹೋಗು, ಚಾ ಕುಡಕೊಂಡು ಬಾ," ಎಂದೆ.

"ಮುಂಜಾನಿಂದ ಮೂರು ಚಾ ಆದ್ವು ಅಣ್ಣಾರ. ಇನ್ನೊಂದು ಕುಡಿದ್ರ ನನಗೂ ಕರೆಂಟು ಹೊಡೀತೈತಿ."

"ಹೇಳಿದ್ದು ಮಾಡು."

ಅವಳ ನಗು ಇಳಿಯಿತು. ಹೊರಡುವ ಮೊದಲು ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಸಣ್ಣ ಸ್ಕ್ರೂ ನನ್ನ ಕೈಗೆ ಕೊಟ್ಟಳು. "ಕಾಲಿನ ಹತ್ರ ಬಿದ್ದಿತ್ರಿ. ಡ್ಯಾಶ್‌ಬೋರ್ಡಿಂದು ಇರಬೇಕು. ಕಳದೀತು ಅಂತ ಕಟ್ಟಿಟ್ಟಿದ್ದೆ."

ಸ್ಕ್ರೂವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಅವಳು ಮರೆಯಾದ ಮೇಲೆ ಡಬ್ಬಿಯನ್ನು ಮೂರನೆಯ ಕಾರಿಗೆ ಮತ್ತೆ ಕೂರಿಸಿದೆ. ಗಡಿಬಿಡಿಯಲ್ಲಿ ಮೂರೇ ಸ್ಕ್ರೂ ಹಾಕಿದೆ. ನಾಲ್ಕಕ್ಕೆ ಅವಳು ಡ್ಯೂಟಿಗೆ ಸರಿಯಾಗಿ ಹೋದಳು, ಅತಿಥಿಗಳು ರೈಲು ಹತ್ತಿದರು. ಸಂಜೆ ಶೆಡ್ಡಿನಲ್ಲಿ ಮೀಟರು ನೋಡಿ ಬುಕ್ಕಿನಲ್ಲಿ ಬರೆದೆ: ಮೂರು, ನಲವತ್ತೊಂದು ಕಿಲೋಮೀಟರು.

ಮರುದಿನ ಹನ್ನೊಂದು ಗಂಟೆಗೆ ಸಾವ್ಕಾರರು ಎಲ್ಲ ಡ್ರೈವರ್‌ಗಳನ್ನೂ ಆಫೀಸಿಗೆ ಕರೆಸಿದರು. ತಮ್ಮ ಮೊಬೈಲನ್ನು ಗೋಡೆಯ ಟೀವಿಗೆ ಜೋಡಿಸಿದ್ದರು. ಟೀವಿಯ ತುಂಬ ನಕ್ಷೆ, ಅದರ ಮೇಲೊಂದು ನೀಲಿ ಗೆರೆ. ಹಿಂದಿನ ದಿನ ಮಧ್ಯಾಹ್ನ ಹೋಟೆಲಿನ ಕೌಂಟರಿನವನು ಲಿಂಕ್ ತೆರೆದು ನೋಡಿ, ನಮ್ಮ ಡ್ಯೂಟಿಯ ಕಾರು ಸಂಡೂರಿನ ಲಾಡ್ಜಿನ ಮುಂದೆ ಯಾಕಿದೆ ಎಂದು ಅವರಿಗೆ ಫೋನು ಮಾಡಿದ್ದನಂತೆ. ಒಪ್ಪಂದ ಮುಂದುವರಿಸುವ ಮಾತು ನಡೆಯುತ್ತಿದ್ದ ವಾರ ಅದು. ಸಾವ್ಕಾರರು ಆಪ್ ತೆರೆದು ನೋಡಿ, ಕಳ್ಳರನ್ನು ಹಿಡಿಯಬೇಕಾದರೆ ಸುಮ್ಮನಿರಬೇಕು ಎಂದು ಒಂದು ರಾತ್ರಿ ಸುಮ್ಮನಿದ್ದರು.

"ಮೂರನೇ ನಂಬರ್ ಕಾರು," ಎಂದರು. "ಮುಂಜಾನೆ ಶೆಡ್ಡು ಬಿಟ್ಟೈತಿ. ಸಂಡೂರು. ಲಾಡ್ಜು. ಎರಡು ತಾಸು ಹತ್ತು ನಿಮಿಷ ನಿಂತೈತಿ. ಆಮ್ಯಾಲೆ ಕಮಲಾಪುರ. ಏನಮ್ಮ, ಏನಿತ್ತು ಅಲ್ಲಿ?"

ಅವಳು ಟೀವಿಯನ್ನೂ ಸಾವ್ಕಾರರನ್ನೂ ನೋಡಿದಳು. "ನಾ ಸಂಡೂರಿಗೆ ಹೋಗಿಲ್ರಿ."

ಆ ಕ್ಷಣದಲ್ಲಿ ನಾನೂ ಅವಳ ಮೇಲೆ ಸಿಟ್ಟಾದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನಿಜ. ಟೀವಿಯ ಮೇಲೆ 'ಮೂರು' ಎಂದು ಬರೆದಿತ್ತು. ಮೂರು ಎಂದರೆ ನನಗೆ ಅವಳೇ. ನಾನೇ ಹೆಣೆದ ಮೋಸಕ್ಕೆ ನಾನೇ ಮೊದಲು ಮೋಸ ಹೋದೆ. ಅವಳು ಇಲ್ಲ ಎಂದೊಡನೆ ನನ್ನ ಬಾಯಿಂದ ಮಾತು ಹೊರಬಿತ್ತು:

"ಸಂಡೂರಿನ ಲಾಡ್ಜಿನ್ಯಾಗ ಚಾರ್ಜಿಂಗ್ ಜೋರಿರಬೇಕು, ಎರಡು ತಾಸಿನ್ಯಾಗ ಫುಲ್ಲು!"

ಐದು ಜನ ಗಂಡಸರು ನಕ್ಕರು. ನಾಲ್ಕನೆಯವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ. ಸಾವ್ಕಾರರೂ ತುಟಿಯಲ್ಲಿ ನಕ್ಕರು. ಅವಳ ಮುಖದ ಮೇಲೆ ಯಾರೋ ಬಿಸಿನೀರು ಎರಚಿದ ಹಾಗಾಯಿತು.

ನಗು ಇನ್ನೂ ನಿಂತಿರಲಿಲ್ಲ. ಸಾವ್ಕಾರರು ಬೆರಳಿನಿಂದ ನಕ್ಷೆಯನ್ನು ದೊಡ್ಡದು ಮಾಡಿದರು. ಹೋಗುವ ದಾರಿಯಲ್ಲಿ ಒಂದು ಸಣ್ಣ ನಿಲುಗಡೆ, ಏಳು ನಿಮಿಷ. ಮಿರ್ಚಿ ಬಂಡಿಯ ಜಾಗ. ಆ ಏಳು ನಿಮಿಷ ನನ್ನವು. ಲಾಡ್ಜಿನ ಕಾಂಪೌಂಡಿನಲ್ಲಿ ಚುಕ್ಕೆ ನಿಂತದ್ದು ಹಿಂದಿನ ಮೂಲೆಯಲ್ಲಿ, ತಗಡಿನ ಶೆಡ್ಡಿನ ಹತ್ತಿರ. ಗೋಡೆಯ ಮೇಲೆ ಎಲ್ಲರೂ ನೋಡುತ್ತಿದ್ದದ್ದು ನನ್ನ ಪ್ರಯಾಣವನ್ನು.

ಆಗಲೇ ಹೇಳಬಹುದಿತ್ತು. ಹೇಳಿದರೆ ಒಂದೂವರೆ ತಿಂಗಳು ಹೋಟೆಲಿಗೆ ಕಳ್ಳ ಚುಕ್ಕೆ ತೋರಿಸಿದ್ದು ಹೊರಬೀಳುತ್ತಿತ್ತು, 'ಮೂರರಾಗೇ ಆರು' ಎಂಬ ಹೆಸರು ಹೋಗುತ್ತಿತ್ತು, ಕೆಲಸವೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಆಗಷ್ಟೇ ಎಲ್ಲರನ್ನೂ ನಗಿಸಿದ್ದೆ. ಆ ನಗುವನ್ನು ವಾಪಸು ಪಡೆಯುವ ಧೈರ್ಯ ನನಗಿರಲಿಲ್ಲ.

ಅವಳು ಟೀವಿಯ ಹತ್ತಿರ ಹೋದಳು. ಅಳಲಿಲ್ಲ. ನಕ್ಷೆಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಚಾರ್ಜಿನ ಅಂಕಿಯ ಮೇಲೆ ಬೆರಳಿಟ್ಟಳು.

"ಇದು ನೋಡ್ರಿ ಸಾವ್ಕಾರ್ರ. ಶೆಡ್ಡಿನ್ಯಾಗ ತೊಂಬತ್ತೆರಡು. ಸಂಡೂರಿನ್ಯಾಗ ತೊಂಬತ್ತೆರಡು. ವಾಪಸ್ ಬರುವಾಗ್ಲೂ ತೊಂಬತ್ತೆರಡು. ಅಷ್ಟು ಏರು ಹತ್ತಿದ ಕಾರಿಗೆ ಒಂದು ಚಾರ್ಜೂ ಇಳಿಯಂಗಿಲ್ಲೇನ್ರಿ? ಮೂರು ಗಂಟಿಗೆ ಕಮಲಾಪುರದಾಗ ನೋಡ್ರಿ, ಎಂಬತ್ತೊಂಬತ್ತು. ಅದು ನನ್ನ ಕಾರು. ಎಪ್ಪತ್ತು ಕಿಲೋಮೀಟರು ಓಡಿ ಮೂರು ಇಳಿತೈತೇನ್ರಿ? ನಾ ದಿನಾ ಓಡಸ್ತೀನಿ, ನನಗ ಗೊತ್ತಿಲ್ಲೇನ್ರಿ?"

ಸಾವ್ಕಾರರು ವ್ಯಾಪಾರಸ್ಥರು, ಅಂಕಿ ಅವರಿಗೆ ಅರ್ಥವಾಗುತ್ತದೆ. ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದರು.

"ಹೌದಲ್ಲ ಕಾಕಾ. ಚಾರ್ಜು ಯಾಕ ಇಳಿದಿಲ್ಲ?"

ನಾನು ತಡಮಾಡಲಿಲ್ಲ. "ನೆಟ್‌ವರ್ಕ್ ತೊಂದ್ರಿ ಸಾವ್ಕಾರ್ರ. ಗುಡ್ಡದ ಕಡೆ ಚಾರ್ಜು ಸರಿ ತೋರ್ಸಂಗಿಲ್ಲ. ಜಾಗ ಮಾತ್ರ ಸುಳ್ಳು ಹೇಳಂಗಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಅಣ್ಣಾರ, ನೀವೇ ಹೇಳಿದ್ರಲ್ರಿ, ಕಮಲಾಪುರದಾಗ ಕುಂದ್ರು ಅಂತ?"

"ಕುಂದ್ರು ಅಂತ ಹೇಳಿದ್ದೆ. ಸಂಡೂರಿಗೆ ಹೋಗು ಅಂತ ಹೇಳಿದ್ನಾ?"

"ಕಿಲೋಮೀಟರ್ ಬುಕ್ಕು ತಗೀರಿ. ಸಂಜಿ ಮುಂದ ಬರಕೊಂಡ್ರಿ ನೀವು."

ಬುಕ್ಕು ನನ್ನ ಮೇಜಿನ ಡ್ರಾಯರಿನಲ್ಲಿತ್ತು, ನನ್ನ ಅಂಗೈ ಆ ಡ್ರಾಯರಿನ ಮೇಲಿತ್ತು. "ನಿನ್ನೆ ಬರದಿಲ್ಲ," ಎಂದೆ.

"ಎಳನೀರು ಮಾರೋ ಅಜ್ಜಿನ ಕೇಳ್ರಿ ಹಂಗಾರ. ಮುಂಜಾನಿಂದ ಆಕಿ ಮುಂದೇ ಕುಂತಿದ್ದೆ."

ಸಾವ್ಕಾರರಿಗೆ ರೇಗಿತು. "ಲಕ್ಷ ಲಕ್ಷದ ಮಿಷಿನ್ನು ಸುಳ್ಳು, ಎಳನೀರು ಅಜ್ಜಿ ಖರೇನಾ?"

ಆಗ ಅವಳು ನನ್ನನ್ನು ಮತ್ತೊಮ್ಮೆ ನೋಡಿದಳು. ಈ ಸಲ ನಿಧಾನವಾಗಿ, ಮುಖದಿಂದ ಅಂಗಿಯ ಜೇಬಿನವರೆಗೆ. ನಾನು ಐದನೆಯ ಕಾರಿನಲ್ಲಿ ಬಂದದ್ದು, ಅವಳನ್ನು ಚಹಾಕ್ಕೆ ಅಟ್ಟಿದ್ದು ಎಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು.

"ಅಣ್ಣಾರ," ಎಂದಳು ಮೆಲ್ಲಗೆ, "ನಿನ್ನೆ ನಿಮ್ಮ ಕೈಯಾಗ ಒಂದು ಸ್ಕ್ರೂ ಕೊಟ್ಟಿದ್ದೆ."

"ಯಾವ ಸ್ಕ್ರೂ?" ಎಂದೆ.

ಅವಳು ಕಾರಿನ ಕೀಲಿಯನ್ನು ನನ್ನ ಮೇಜಿನ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಆ ಸ್ಕ್ರೂ ನನ್ನ ಮನೆಯಲ್ಲಿ, ಹಿಂದಿನ ದಿನದ ಅಂಗಿಯ ಜೇಬಿನಲ್ಲಿತ್ತು.

ಸಂಜೆ ಬುಕ್ಕಿನ ಆ ಹಾಳೆಯನ್ನು ಹರಿದುಕೊಂಡೆ. ಎರಡನೆಯ ಕಾರಿನವನು ಟೀವಿಯ ಫೋಟೋ ತೆಗೆದಿದ್ದ. ಅದು ನಮ್ಮ ಡ್ರೈವರ್‌ಗಳ ಗುಂಪಿನಿಂದ ಆಟೋದವರ ಗುಂಪಿಗೆ, ಅಲ್ಲಿಂದ ಚಿತ್ತವಾಡ್ಗಿಗೆ ಒಂದೇ ದಿನದಲ್ಲಿ ಹೋಯಿತು. ಅದರ ಜೊತೆ ನನ್ನ ಚಾರ್ಜಿಂಗ್ ಮಾತೂ ಹೋಯಿತು. ವಾರದ ಮೇಲೆ ಒಂದನೆಯ ಕಾರಿನವನು ಕಾರು ತೊ‌ಳೆಯುತ್ತಾ ಸುದ್ದಿ ಹೇಳಿದ:

"ಆಕಿ ಮೈದುನ ಲೈಸೆನ್ಸು ಕಸಗೊಂಡು ಕಾಲುವಿಗೆ ಒಗದನಂತ ಕಾಕಾ. ಗಂಡ ಮಕಾ ನೋಡ್ವಲ್ಲನಂತ. ನಳದ ಹತ್ರ ಹೆಂಗಸ್ರು 'ಸಂಡೂರು ಬಂತು, ಜಾಗ ಬಿಡ್ರೆ' ಅಂತಾರಂತ."

"ಮಾಡಿದ್ದುಣ್ಣೋ ಮಾರಾಯ," ಎಂದೆ. ಹಾಗೆಯೇ ಎಂದೆ. ಸುಳ್ಳನ್ನು ನಂಬಿದವನಿಗಿಂತ ಜೋರಾಗಿ ಸುಳ್ಳು ಹೇಳಿದವನು ಕೂಗಬೇಕಾಗುತ್ತದೆ.

ಇದರ ಫಲ ನನಗೆ ಏನು ಸಿಕ್ಕಿತು ಎಂಬುದನ್ನೂ ಬರೆಯಬೇಕು. ಈ ಪ್ರಕರಣದಿಂದ ಸಾವ್ಕಾರರು ಹೆದರಿದರು. ನಾನು ತಿಂಗಳುಗಟ್ಟಲೆ ಬೇಡಿದರೂ ಬಿಚ್ಚದಿದ್ದ ಕೈ ತಾನಾಗಿ ಬಿಚ್ಚಿತು. "ಆರಕ್ಕೂ ಹೊಸಾ ಮಾಡೆಮ್ ಹಾಕ್ಸಿ ಬಿಡ್ರಿ ಕಾಕಾ. ವರ್ಷದ್ದೂ ಕಟ್ಟೋಣ. ಮಿಷಿನ್ ಇರಲಿಲ್ಲಂದ್ರ ಆಕಿ ನಮ್ಮನ್ನ ಮುಳುಗಸ್ತಿದ್ಲು." ಹೋಟೆಲಿನ ಒಪ್ಪಂದ ಮುಂದುವರಿಯಿತು. ನನ್ನ ಸಂಬಳ ಹೆಚ್ಚಾಯಿತು.

ಬಾಕಿ ಮೂರು ಕಾರುಗಳನ್ನು ಬಳ್ಳಾರಿಗೆ ಒಯ್ದೆ. ತಪಾಸಣೆಗೆಂದು ಮೂರನೆಯದನ್ನೂ ಒಯ್ಯಲು ಸಾವ್ಕಾರರೇ ಹೇಳಿದ್ದರು. ಸರ್ವಿಸ್ ಸೆಂಟರಿನ ಹುಡುಗಿ ಐದನೆಯ ಕಾರಿನ ಡ್ಯಾಶ್‌ಬೋರ್ಡು ಬಿಚ್ಚಿ ಸಂಡೂರಿನ ವಯರನ್ನು ಎಳೆದು ಹಿಡಿದಳು. ಮೂರನೆಯದರಲ್ಲಿ ಸ್ಕ್ರೂ ಒಂದು ಇಲ್ಲದ್ದನ್ನೂ ನೋಡಿದಳು. ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕಿ, "ಸರ್, ಈ ಮಾಡೆಮ್ ಅರ್ಧ ದಿನ ಕಾರಿನ ಜೊತೆ ಸಂಪರ್ಕದಲ್ಲೇ ಇರಲಿಲ್ಲ. ಬೇರೆ ಗಾಡಿಯಲ್ಲಿತ್ತು ಅನ್ಸುತ್ತೆ. ಆ ದಿನದ ದಾರಿ ಈ ಕಾರಿನದಲ್ಲ. ಜಾಬ್ ಕಾರ್ಡ್‌ನಲ್ಲಿ ಬರೀತೀನಿ," ಎಂದಳು.

ಸಂಡೂರಿಗೆ ಮೂರನೆಯ ಕಾರಿನವಳು ಹೋಗಿರಲಿಲ್ಲ ಎಂದು ಕಂಪನಿಯ ಕಾಗದದ ಮೇಲೆ, ಸಹಿ ಸಿಕ್ಕೆಯೊಂದಿಗೆ ಬರೆಯುತ್ತೇನೆ ಎಂದು ಒಬ್ಬರು ನನ್ನ ಮುಂದೆ ಪೆನ್ನು ಹಿಡಿದು ನಿಂತಿದ್ದರು.

"ಅದೆಲ್ಲ ಬರೀಬ್ಯಾಡಮ್ಮ," ಎಂದೆ. "ಸುಮ್ನ ಮಾಲೀಕರಿಗೆ ತಲಿಬ್ಯಾನಿ."

"ನಿಮ್ಮಿಷ್ಟ," ಎಂದು ಅವಳು ಹೊಸ ಸ್ಕ್ರೂ ಒಂದನ್ನು ಹಾಕಿ ಮುಚ್ಚಿದಳು. ಮೊದಲ ದಿನದ ಸುಳ್ಳು ಹೆದರಿಕೆಯದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಳ್ಳಾರಿಯಲ್ಲಿ ನನ್ನನ್ನು ಯಾರೂ ಹೆದರಿಸಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ಅಲ್ಲಿ ಮಾಡಿದ್ದು ನಿಧಾನವಾಗಿ, ಚಹಾ ಕುಡಿಯುತ್ತಾ ಮಾಡಿದ್ದು.

ಕೀಲಿ ಇಟ್ಟು ಹೋದವಳನ್ನು ಮತ್ತೆ ನೋಡಿದ್ದು ಭತ್ತ ನಾಟಿಯ ದಿನಗಳಲ್ಲಿ. ಗಿರಣಿಯ ಕೆಲಸಕ್ಕೆಂದು ಮೂರನೆಯ ಕಾರಿನಲ್ಲಿ ಕಂಪ್ಲಿಗೆ ಹೊರಟಿದ್ದೆ. ಮೆಟ್ರಿಯ ಹತ್ತಿರ ಟ್ರ್ಯಾಕ್ಟರೊಂದು ಸಸಿಯ ಕಟ್ಟು ಇಳಿಸುತ್ತಾ ದಾರಿಗೆ ಅಡ್ಡ ನಿಂತಿತ್ತು. ಗದ್ದೆಯಿಂದ ಹೆಂಗಸರು ಬಂದು ಕಟ್ಟು ಒಯ್ಯುತ್ತಿದ್ದರು. ಅವರಲ್ಲಿ ಒಬ್ಬಳು ಕಾರಿನ ನಂಬರು ನೋಡಿ ನಿಂತಳು. ಮೊಣಕಾಲಿನವರೆಗೆ ಕೆಸರು, ತಲೆಗೆ ಟವೆಲು. ಚಿತ್ತವಾಡ್ಗಿ ಬಿಟ್ಟು ಮೆಟ್ರಿಯ ದೂರದ ನೆಂಟರ ಮನೆಗೆ ಬಂದು ಕೂಲಿ ಮಾಡುತ್ತಾಳೆ ಎಂದು ಆಮೇಲೆ ತಿಳಿಯಿತು.

ಕಿಟಕಿಯ ಹತ್ತಿರ ಬಂದಳು. ಕಿಟಕಿ ತೆರೆದಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನನ್ನನ್ನು ನೋಡಲಿಲ್ಲ. ಬಗ್ಗಿ ಸ್ಟೇರಿಂಗನ್ನು, ಅದರ ಹಿಂದಿನ ಪರದೆಯನ್ನು ನೋಡಿದಳು.

"ಹೊಸಾ ಡಬ್ಬಿ ಹಾಕ್ಸೀರೇನ್ರಿ ಎಲ್ಲಾ ಕಾರಿಗೆ?"

"ಹ್ಞೂಂ."

"ಈಗ ಚಾರ್ಜು ಇಳಿತೈತೇನ್ರಿ, ಅಣ್ಣಾರ?"

"ಇಳಿತೈತಿ," ಎಂದೆ.

"ಚಲೋ ಆತು ಬಿಡ್ರಿ," ಎಂದು ಅವಳು ಸಸಿಯ ಕಟ್ಟು ಎತ್ತಿಕೊಂಡು ಗದ್ದೆಗೆ ಇಳಿದಳು. ಟ್ರ್ಯಾಕ್ಟರು ಸರಿಯಿತು. ಹಿಂದಿನವನು ಹಾರ್ನ್ ಹೊಡೆದ. ನಾನು ಗಾಜು ಏರಿಸಿ ಕಾರು ಮುಂದೆ ಬಿಟ್ಟೆ. ಕ್ಷಮೆ ಕೇಳಲು ಬೇಕಾದದ್ದು ಒಂದು ನಿಮಿಷ. ಆ ನಿಮಿಷವನ್ನು ನಾನು ಹಾರ್ನಿಗೆ ಕೊಟ್ಟೆ.

ಆ ವರ್ಷವೇ ಕೆಲಸ ಬಿಟ್ಟೆ. ಎರಡು ಸಲ ಮೆಟ್ರಿಯ ಬಸ್ಸು ಹತ್ತಿದ್ದೇನೆ, ಎರಡು ಸಲವೂ ಮೆಟ್ರಿಯಲ್ಲಿ ಇಳಿಯದೆ ಕಂಪ್ಲಿಯವರೆಗೆ ಹೋಗಿ ವಾಪಸು ಬಂದಿದ್ದೇನೆ. ಈಗ ಕಾಲು ಬಸ್ಸು ಹತ್ತುವ ಹಾಗಿಲ್ಲ. ಹರಿದ ಹಾಳೆ ಮತ್ತು ಸ್ಕ್ರೂ ಟ್ರಂಕಿನಲ್ಲಿವೆ. ಹಾಳೆಯಲ್ಲಿ ನನ್ನ ಕೈಬರಹದಲ್ಲೇ ಇದೆ: ಮೂರು, ನಲವತ್ತೊಂದು ಕಿಲೋಮೀಟರು. ಸಂಡೂರಿಗೆ ಹೋಗಿ ಬಂದಿದ್ದರೆ ನೂರು ದಾಟಬೇಕಿತ್ತು. ಸಾವ್ಕಾರರು ಇದನ್ನು ಓದಿದರೆ ಓದಲಿ, ಹೋಟೆಲಿನವರೂ ಓದಲಿ. ಚಿತ್ತವಾಡ್ಗಿಯ ನಳದ ಹತ್ತಿರ ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ ಅವರಿಗೆ ಪುಣ್ಯ ಬರುತ್ತದೆ. ಆ ದಿನ ಮೂರನೆಯ ಕಾರು ಸಂಡೂರಿಗೆ ಹೋಗಿರಲಿಲ್ಲ. ಹೋದವನು ನಾನು. ಲಾಡ್ಜಿನ ಹಿಂದೆ ಎರಡು ತಾಸು ಹತ್ತು ನಿಮಿಷ ಕೂತಿದ್ದವನೂ ನಾನು.

ಆ ಹಾಳೆಯಲ್ಲಿ ಕೂಡ ಅವಳ ಹೆಸರಿಲ್ಲ, ನಂಬರಷ್ಟೇ ಇದೆ. ಕೆಲಸ ಮಾಡಿದಷ್ಟು ದಿನವೂ ನಾನು ಅವಳನ್ನು ಒಮ್ಮೆಯೂ ಹೆಸರಿನಿಂದ ಕರೆಯಲಿಲ್ಲ. ಹೆಸರು ಅವಳ ಲೈಸೆನ್ಸಿನ ಮೇಲಿತ್ತು, ಅದು ಕಾಲುವೆಯ ಪಾಲಾಯಿತು. ಹುಲಿಗೆಮ್ಮ.